ದವಡೆ ಮೂಡುವ ಮೊದಲಿನ ಮೀನುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಕಶೇರುಕಗಳ ಪಾಠದಲ್ಲಿ ಆಸ್ಟ್ರಕೋಡರ್ಮ್ ಎಂಬ ಹೆಸರು ಒಮ್ಮೆ ಬರುತ್ತದೆ, ಅವು ದವಡೆಯಿಲ್ಲದ ಮೀನುಗಳು, ಈಗ ಅಳಿದುಹೋಗಿವೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅವು ಯಾವಾಗ ಬದುಕಿದ್ದವು, ಹೇಗಿದ್ದವು ಎಂದು ವಿದ್ಯಾರ್ಥಿಗಳು ಕೇಳಿದರೆ ಏನು ಹೇಳಬೇಕು?
– ಉಪನ್ಯಾಸಕಿ, ಧಾರವಾಡ

ಉತ್ತರ: ಮೊದಲು ಕಾಲದ ಲೆಕ್ಕವನ್ನು ವಿದ್ಯಾರ್ಥಿಗಳ ಮುಂದಿಡಿ ಎಂದು ಕೋರುತ್ತೇನೆ, ಏಕೆಂದರೆ ಆ ಲೆಕ್ಕ ತಿಳಿದರೆ ಈ ಮೀನುಗಳ ಬಗ್ಗೆ ಇರುವ ತಾತ್ಸಾರ ತಾನಾಗಿ ಕಡಿಮೆಯಾಗುತ್ತದೆ. ಇವು ಬದುಕಿದ್ದ ಪೇಲಿಯೊಜೋಯಿಕ್ ಯುಗ ಸುಮಾರು 53.9 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 25.2 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಚೀನಾದ ಯುನ್ನಾನ್ ಪ್ರಾಂತ್ಯದ ಚೆಂಗ್‌ಜಿಯಾಂಗ್‌ನ ಶಿಲೆಗಳಲ್ಲಿ ಸಿಕ್ಕ ಮಿಲೊಕುನ್‌ಮಿಂಗಿಯಾ ಮತ್ತು ಹೈಕೌಇಕ್ತಿಸ್ ಎಂಬ ಎರಡು ಪುಟ್ಟ ಮೀನುಗಳ ವಯಸ್ಸು ಸುಮಾರು 51.8 ಕೋಟಿ ವರ್ಷ. 1999ರಲ್ಲಿ ಇವುಗಳ ವಿವರಣೆ ಪ್ರಕಟವಾಯಿತು. ಉದ್ದ ಮೂರು ಸೆಂಟಿಮೀಟರ್‌ಗಿಂತಲೂ ಕಡಿಮೆ. ಮೈಯಲ್ಲಿ ಮೂಳೆ ಇಲ್ಲ, ಹುರುಪೆ ಇಲ್ಲ. ಆದರೆ ತಲೆ, ಕಿವಿರಿನ ಚೀಲಗಳು, ಬೆನ್ನಿನುದ್ದಕ್ಕೂ ಅಂಕುಡೊಂಕಾಗಿ ಜೋಡಿಸಿದ ಸ್ನಾಯುಗಳು ಕಲ್ಲಿನ ಮೇಲೆ ಅಚ್ಚಾಗಿ ಉಳಿದಿವೆ. ಇವು ಕಶೇರುಕಗಳ ವಂಶದ ಮೊದಮೊದಲ ಸದಸ್ಯರಲ್ಲಿ ಸೇರಿದವು. ದವಡೆಯುಳ್ಳ ಮೀನುಗಳ ಅತ್ಯಂತ ಹಳೆಯ ಗುರುತುಗಳಾದರೋ ಸುಮಾರು 43.9 ಕೋಟಿ ವರ್ಷಗಳಷ್ಟು ಹಿಂದಿನವು, ಅವು ಕಡಲಿನಲ್ಲಿ ಮೇಲುಗೈ ಸಾಧಿಸಿದ್ದು ಇನ್ನೂ ತಡವಾಗಿ. ಹೀಗಾಗಿ ಕಶೇರುಕಗಳ ಇತಿಹಾಸದ ಮೊದಲ ಹತ್ತು ಕೋಟಿ ವರ್ಷಗಳು ಹೆಚ್ಚುಕಡಿಮೆ ಪೂರ್ತಿಯಾಗಿ ದವಡೆಯಿಲ್ಲದ ಮೀನುಗಳಿಗೇ ಸೇರಿದವು.

ಆಸ್ಟ್ರಕೋಡರ್ಮ್ ಎನ್ನುವುದು ಒಂದೇ ಜಾತಿಯ ಪ್ರಾಣಿಯಲ್ಲ; ಮೂಳೆಯ ಕವಚ ಅಥವಾ ಗಟ್ಟಿ ಹುರುಪೆ ಹೊತ್ತ, ದವಡೆಯಿಲ್ಲದ ಹಲವು ವಂಶಗಳಿಗೆ ಅನುಕೂಲಕ್ಕೆಂದು ಇಟ್ಟಿರುವ ಒಟ್ಟು ಹೆಸರು. ಹೆಟೆರೊಸ್ಟ್ರೇಕನ್ನರಲ್ಲಿ ದೇಹದ ಮುಂಭಾಗವನ್ನು ದೊಡ್ಡ ಫಲಕಗಳು ಸುತ್ತುವರಿದಿದ್ದವು, ಪ್ರತಿ ಪಕ್ಕಕ್ಕೂ ಕಿವಿರಿನ ನೀರು ಹೊರಹೋಗಲು ಒಂದೊಂದೇ ಕಂಡಿ ಇತ್ತು. ಆಸ್ಟಿಯೊಸ್ಟ್ರೇಕನ್ನರಲ್ಲಿ ಇಡೀ ತಲೆ ಕುದುರೆಯ ಲಾಳದ ಆಕಾರದ ಒಂದೇ ಕವಚದೊಳಗೆ ಅಡಗಿತ್ತು. ಸ್ಕಾಟ್ಲೆಂಡಿನ ಹಳೆಯ ಕೆಂಪು ಮರಳುಗಲ್ಲಿನಲ್ಲಿ ಸಿಕ್ಕ ಇಂಥ ಒಂದು ಮೀನಿಗೆ ಲೂಯಿ ಅಗಾಸಿಜ್ 1835ರಲ್ಲಿ, ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಅವರ ಗೌರವಾರ್ಥ, ಸೆಫಲಾಸ್ಪಿಸ್ ಲಯೆಲಿ ಎಂದು ಹೆಸರಿಟ್ಟರು. ಗೇಲಿಯಾಸ್ಪಿಡ್‌ಗಳು ಚೀನಾ ಮತ್ತು ವಿಯೆಟ್ನಾಂಗಳಿಗೆ ಸೀಮಿತವಾದವು. ಅವುಗಳಲ್ಲಿ ಕೆಲವಕ್ಕೆ ನಲವತ್ತಕ್ಕೂ ಹೆಚ್ಚು ಜೋಡಿ ಕಿವಿರಿನ ಚೀಲಗಳಿದ್ದವು. ಥೆಲೊಡಾಂಟ್‌ಗಳಿಗೆ ದೊಡ್ಡ ಫಲಕಗಳಿರಲಿಲ್ಲ, ಮೈತುಂಬ ಸೂಕ್ಷ್ಮವಾದ ಹಲ್ಲಿನಂಥ ಹುರುಪೆಗಳಿದ್ದವು. ಅನಾಸ್ಪಿಡ್‌ಗಳು ತೆಳ್ಳನೆಯ ಮೈಯ, ಚುರುಕಾಗಿ ಈಜುತ್ತಿದ್ದ ಮೀನುಗಳು. ಆಸ್ಟ್ರೇಲಿಯಾದ ಪಿಟುರಿಯಾಸ್ಪಿಡ್‌ಗಳಂತೂ ಬೆರಳೆಣಿಕೆಯಷ್ಟೇ ಪಳೆಯುಳಿಕೆಗಳಿಂದ ತಿಳಿದುಬಂದಿರುವ ಅಪರೂಪದ ಗುಂಪು.

ವಿದ್ಯಾರ್ಥಿಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕೆಂದರೆ ಇದನ್ನು ಹೇಳಿ. ಮೂಳೆ, ಹಲ್ಲಿನಲ್ಲಿರುವ ಡೆಂಟಿನ್, ಒಳಗಿವಿಯ ಅರ್ಧವೃತ್ತ ನಾಳಗಳು, ಎದೆಯ ಬಳಿಯ ಜೋಡಿ ಈಜುರೆಕ್ಕೆಗಳು, ಇವೆಲ್ಲವೂ ದವಡೆಗಿಂತ ಮೊದಲೇ, ದವಡೆಯಿಲ್ಲದ ಮೀನುಗಳಲ್ಲೇ ರೂಪುಗೊಂಡವು. ನಮ್ಮ ತೋಳುಗಳ ಮೂಲವನ್ನು ಹುಡುಕುತ್ತಾ ಹೋದರೆ ಆಸ್ಟಿಯೊಸ್ಟ್ರೇಕನ್ನರ ಎದೆರೆಕ್ಕೆಯ ಬಳಿಗೆ ಬಂದು ನಿಲ್ಲುತ್ತೇವೆ. ಇಷ್ಟನ್ನು ಕೊಟ್ಟ ಜೀವಿಗಳನ್ನು ‘ದವಡೆಯಿಲ್ಲ’ ಎಂಬ ಒಂದು ಕೊರತೆಯಿಂದ ಮಾತ್ರ ಗುರುತಿಸುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ.

ಪ್ರಶ್ನೆ: ಎದುರಿಗೇ ಅಕ್ಕಪಕ್ಕ ಎರಡು ಕಣ್ಣು, ತೆರೆದ ಬಾಯಿ ಇರುವ ಒಂದು ಮೀನಿನ ಮಾದರಿಯ ಚಿತ್ರ ಎಲ್ಲರ ಮೊಬೈಲಿನಲ್ಲೂ ಹರಿದಾಡಿತು. ಅದು ನಿಜವಾಗಿಯೂ ಇದ್ದ ಮೀನೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ಹೌದು. ಅದು ಸಕಬಂಬಾಸ್ಪಿಸ್. ನೀವು ನೋಡಿದ ಮಾದರಿ ಫಿನ್‌ಲೆಂಡಿನ ಹೆಲ್ಸಿಂಕಿಯ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಬೊಲಿವಿಯಾದ ಕೊಚಬಂಬಾ ಪ್ರದೇಶದ ಸಕಬಂಬಾ ಎಂಬ ಹಳ್ಳಿಯ ಬಳಿ ಸಿಕ್ಕ ಪಳೆಯುಳಿಕೆಗಳ ಆಧಾರದ ಮೇಲೆ 1986ರಲ್ಲಿ ಇದನ್ನು ವಿವರಿಸಲಾಯಿತು. ಸುಮಾರು 45 ಕೋಟಿ ವರ್ಷಗಳ ಹಿಂದಿನ ಆರ್ಡೋವಿಶಿಯನ್ ಕಾಲದ ಮೀನಿದು. ಉದ್ದ ಅಂದಾಜು 25 ಸೆಂಟಿಮೀಟರ್. ಕಣ್ಣುಗಳು ತಲೆಯ ತುದಿಯಲ್ಲಿ ಮುಂದಕ್ಕೆ ನೋಡುವಂತಿದ್ದದ್ದು ಕಲ್ಪನೆಯಲ್ಲ, ಪಳೆಯುಳಿಕೆಯಲ್ಲೇ ಕಾಣುತ್ತದೆ. ಬೆನ್ನಿಗೊಂದು, ಹೊಟ್ಟೆಗೊಂದು ದೊಡ್ಡ ಫಲಕ, ಅವೆರಡರ ನಡುವೆ ಕಿವಿರುಗಳನ್ನು ಮುಚ್ಚುವ ಚಿಕ್ಕ ಫಲಕಗಳ ಸಾಲು, ಹಿಂದೆ ಉದ್ದನೆಯ ಹುರುಪೆಗಳಿಂದ ಹೊದಿಸಿದ ದೇಹ. ಜೋಡಿ ಈಜುರೆಕ್ಕೆಗಳು ಇರಲಿಲ್ಲ, ಆದ್ದರಿಂದ ದಿಕ್ಕು ಬದಲಿಸುವುದೂ ನಿಲ್ಲುವುದೂ ಅದಕ್ಕೆ ಸುಲಭವಾಗಿರಲಾರದು. ಬೊಲಿವಿಯಾದಲ್ಲಿ ಹಲವು ಮೀನುಗಳು ಒಂದೇ ಕಡೆ ಒಟ್ಟಾಗಿ ಸತ್ತು ಹೂತುಹೋಗಿರುವುದರಿಂದ, ಆಳವಿಲ್ಲದ ಕಡಲಿಗೆ ಒಮ್ಮೆಲೇ ಸಿಹಿನೀರು ನುಗ್ಗಿದ್ದೇ ಅವುಗಳ ಸಾವಿಗೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದ್ದಾರೆ. ಇದೇ ಕುಲದ ಅವಶೇಷಗಳು ಒಮಾನ್‌ನಲ್ಲೂ ಸಿಕ್ಕಿವೆ. ಇದರ ಹತ್ತಿರದ ಬಂಧು ಅರಂಡಾಸ್ಪಿಸ್ ಸಿಕ್ಕಿದ್ದು ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಪ್ರದೇಶದಲ್ಲಿ. ಈ ಮೂರೂ ನೆಲಗಳು ಆಗ ಗೊಂಡ್ವಾನ ಎಂಬ ಒಂದೇ ಮಹಾಖಂಡದ ಅಂಚಿನಲ್ಲಿದ್ದವು.

ಪ್ರಶ್ನೆ: ಕಚ್ಚಲು, ಅಗಿಯಲು ದವಡೆಯೇ ಇಲ್ಲದ ಮೇಲೆ ಇವು ತಿನ್ನುತ್ತಿದ್ದುದಾದರೂ ಏನು? ಮೈಮೇಲೆ ಅಷ್ಟು ಭಾರದ ಮೂಳೆಯ ಕವಚ ಏಕೆ ಬೇಕಿತ್ತು?
– ಓದುಗರು, ಪುತ್ತೂರು

ಉತ್ತರ: ಕೆಸರನ್ನು ಬಾಯಿಂದ ಗೋರಿ ಅದರೊಳಗಿನ ಆಹಾರವನ್ನು ಸೋಸುತ್ತಿದ್ದವು ಎಂಬ ಉತ್ತರ ಬಹುಕಾಲ ಪುಸ್ತಕಗಳಲ್ಲಿತ್ತು. ಇಂಗ್ಲೆಂಡಿನ ಮಾರ್ಕ್ ಪರ್ನೆಲ್ ಈ ಮಾತನ್ನು ಪರೀಕ್ಷೆಗೆ ಒಡ್ಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಟೆರೊಸ್ಟ್ರೇಕನ್ನರ ಬಾಯಿಯ ಕೆಳ ಅಂಚಿನಲ್ಲಿ ಮೂಳೆಯ ಕಿರುಪಟ್ಟಿಗಳ ಸಾಲೊಂದಿದೆ. ಕೆಸರನ್ನು ಗೋರುತ್ತಿದ್ದರೆ ಆ ಪಟ್ಟಿಗಳ ತುದಿಗಳು ಸವೆದಿರಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಂಥ ಸವೆತ ಕಾಣಲಿಲ್ಲ. ಅವುಗಳ ಮೇಲಿನ ಮುಳ್ಳುಗಳು ಹೊರಮುಖವಾಗಿದ್ದು, ದೊಡ್ಡ ತುತ್ತು ಒಳಗೆ ಹೋಗುವುದಕ್ಕೆ ಅಡ್ಡಿಯೇ ಆಗುತ್ತಿದ್ದವು. ಹಾಗಾಗಿ ಈ ಗುಂಪಿನ ಮೀನುಗಳು ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನೂ ಜೈವಿಕ ಕಣಗಳನ್ನೂ ಕಿವಿರಿನ ಮೂಲಕ ಸೋಸಿಕೊಳ್ಳುತ್ತಿದ್ದವು ಎಂಬ ವಿವರಣೆಯೇ ಹೆಚ್ಚು ಹೊಂದುತ್ತದೆ. ಬೇರೆ ಗುಂಪುಗಳ ಬಾಯಿ ಬೇರೆ ರೀತಿಯದು: ಆಸ್ಟಿಯೊಸ್ಟ್ರೇಕನ್ನರ ಬಾಯಿ ತಲೆಯ ಅಡಿಭಾಗದಲ್ಲಿದ್ದು ತಳದ ಮೇಲೆ ಆಹಾರ ಹುಡುಕುವ ಬದುಕಿಗೆ ತಕ್ಕುದಾಗಿದೆ. ಒಂದು ಗುಂಪಿಗೆ ಸಿಕ್ಕ ಉತ್ತರವನ್ನು ಎಲ್ಲಕ್ಕೂ ಹೊಂದಿಸಬಾರದು.

ಕವಚದ ಪ್ರಶ್ನೆಗೆ ಉತ್ತರ ಇನ್ನೂ ಸ್ವಾರಸ್ಯವಾಗಿದೆ. ಯೂರಿಪ್ಟೆರಿಡ್ ಎಂಬ ಕಡಲಚೇಳುಗಳಿಂದ ರಕ್ಷಿಸಿಕೊಳ್ಳಲು ಕವಚ ಮೂಡಿತು ಎಂದು ಅಮೆರಿಕದ ಆಲ್ಫ್ರೆಡ್ ರೋಮರ್ 1933ರಲ್ಲಿ ವಾದಿಸಿದರು. ಮೈಗೆ ಬೇಕಾದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳನ್ನು ಕೂಡಿಡುವ ಭಂಡಾರವಾಗಿ ಮೂಳೆ ಆರಂಭವಾಯಿತು ಎಂಬುದು ಇನ್ನೊಂದು ವಾದ. ಇವೆರಡರ ಜೊತೆಗೆ ಈಗ ಮೂರನೆಯದೂ ಬಲವಾಗಿ ನಿಂತಿದೆ. ಅಮೆರಿಕದ ಕೊಲರಾಡೊ ರಾಜ್ಯದ ಹಾರ್ಡಿಂಗ್ ಮರಳುಗಲ್ಲಿನಿಂದ ಚಾರ್ಲ್ಸ್ ವಾಲ್ಕಾಟ್ 1892ರಲ್ಲಿ ವಿವರಿಸಿದ ಎರಿಪ್ಟಿಕಿಯಸ್ ಎಂಬ ಮೀನಿನ ಕವಚದ ಚೂರುಗಳನ್ನು ಇತ್ತೀಚೆಗೆ ಅತಿ ಪ್ರಖರ ಎಕ್ಸ್‌ರೇ ಯಂತ್ರದಲ್ಲಿ ಇಟ್ಟು ನೋಡಲಾಯಿತು. ಹೊರಗಿನ ಪುಟ್ಟ ಉಬ್ಬುಗಳಲ್ಲಿ ಡೆಂಟಿನ್ ಇದ್ದು, ಅದರ ಸೂಕ್ಷ್ಮ ನಾಳಗಳು ಹೊರಮೈವರೆಗೆ ಚಾಚಿವೆ. ಏಡಿ, ಸೀಗಡಿಗಳ ಗಟ್ಟಿ ಮೈಯಲ್ಲಿರುವ ಸ್ಪರ್ಶಾಂಗಗಳ ರಚನೆಗೂ ಇದಕ್ಕೂ ಹೋಲಿಕೆಯಿದೆ ಎಂದು 2025ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿತು. ಡೆಂಟಿನ್ ಹೊತ್ತ ಅತ್ಯಂತ ಹಳೆಯ ಮೀನೆಂದು ಭಾವಿಸಿದ್ದ, ಪೇಲಿಯೊಜೋಯಿಕ್‌ನ ಮೊದಲ ಘಟ್ಟವಾದ ಕೇಂಬ್ರಿಯನ್ ಕಾಲದ ಅನಟೊಲೆಪಿಸ್ ಮೀನೇ ಅಲ್ಲ, ಸಂಧಿಪದಿ ಎಂಬುದೂ ಅದೇ ಅಧ್ಯಯನದಲ್ಲಿ ಗೊತ್ತಾಯಿತು. ಅಂದರೆ ಡೆಂಟಿನ್ ಬಾಯಿಯೊಳಗೆ ಹಲ್ಲಾಗುವ ಮೊದಲು, ಚರ್ಮದ ಮೇಲೆ ಸುತ್ತಲಿನ ನೀರನ್ನು ಅರಿಯುವ ಅಂಗವಾಗಿ ಕೆಲಸ ಮಾಡಿರಬಹುದು. ತಣ್ಣೀರು ಸೋಕಿದಾಗ ನಮ್ಮ ಹಲ್ಲು ಜುಮ್ಮೆನ್ನುವುದಕ್ಕೆ ಕಾರಣವಾದ ಗುಣ ಡೆಂಟಿನ್ನಿಗೆ ಎಷ್ಟು ಹಳೆಯ ಕಾಲದಿಂದ ಬಂದಿದೆ ಎಂಬುದನ್ನು ಇದರಿಂದ ಊಹಿಸಬಹುದು.

ಪ್ರಶ್ನೆ: ನಲವತ್ತು ಕೋಟಿ ವರ್ಷ ಹಳೆಯ ಮೀನಿನ ಮಿದುಳು, ನರಗಳ ಚಿತ್ರವನ್ನು ಒಂದು ಪುಸ್ತಕದಲ್ಲಿ ನೋಡಿದೆ. ಮಿದುಳು ಕಲ್ಲಾಗಿ ಉಳಿಯುವುದಿಲ್ಲ ಎಂದು ಕೇಳಿದ್ದೆ. ಹಾಗಿದ್ದರೆ ಆ ಚಿತ್ರ ಎಲ್ಲಿಂದ ಬಂತು?
– ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ನೀವು ಕೇಳಿದ್ದು ಸರಿ, ಮಿದುಳು ಸಾಮಾನ್ಯವಾಗಿ ಉಳಿಯುವುದಿಲ್ಲ, ಉಳಿದಿರುವುದು ಅದು ಇದ್ದ ಜಾಗ. ಆಸ್ಟಿಯೊಸ್ಟ್ರೇಕನ್ನರ ತಲೆಯೊಳಗಿನ ಮೃದ್ವಸ್ಥಿಯ ಮೇಲೆ ತೆಳ್ಳನೆಯ ಮೂಳೆಯ ಪದರವೊಂದು ಬೆಳೆಯುತ್ತಿತ್ತು. ಮಿದುಳಿನ ಗೂಡು, ನರಗಳು ಹಾಯುವ ಕೊಳವೆಗಳು, ರಕ್ತನಾಳಗಳ ದಾರಿ, ಒಳಗಿವಿಯ ಕೋಣೆ, ಕಿವಿರಿನ ಚೀಲಗಳ ಗೋಡೆ, ಎಲ್ಲಕ್ಕೂ ಆ ಪದರ ಒಳಗಿನಿಂದ ಲೇಪಿಸಿದಂತೆ ಹರಡಿತ್ತು. ಮೃದು ಭಾಗಗಳು ಕೊಳೆತು ಹೋದ ಮೇಲೂ ಪದರ ಉಳಿಯಿತು, ಖಾಲಿ ಜಾಗದಲ್ಲಿ ಮಣ್ಣು ತುಂಬಿ ಕಲ್ಲಾಯಿತು.

ಇದನ್ನು ಓದಲು ಕಲಿಸಿದವರು ಸ್ವೀಡನ್ನಿನ ಎರಿಕ್ ಸ್ಟೆನ್ಸಿಯೊ. ಆರ್ಕ್‌ಟಿಕ್ ವಲಯದ ಸ್ಪಿಟ್ಸ್‌ಬರ್ಗೆನ್ ದ್ವೀಪದಿಂದ ತಂದ ಮೀನುಗಳ ಬಗ್ಗೆ ಅವರು 1927ರಲ್ಲಿ ಪ್ರಕಟಿಸಿದ ಗ್ರಂಥ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಪಳೆಯುಳಿಕೆಯನ್ನು ಒಂದು ತುದಿಯಿಂದ ಸ್ವಲ್ಪ ಸ್ವಲ್ಪವೇ ಉಜ್ಜುತ್ತಾ ಹೋಗಿ, ಪ್ರತಿ ಹಂತದಲ್ಲೂ ಕಾಣುವ ಮೇಲ್ಮೈಯನ್ನು ಚಿತ್ರಿಸಿಕೊಂಡು, ಆ ಆಕಾರಗಳನ್ನು ಮೇಣದ ಹಾಳೆಗಳಲ್ಲಿ ಕತ್ತರಿಸಿ ಒಂದರ ಮೇಲೊಂದು ಜೋಡಿಸಿದರೆ ಒಳಗಿನ ರಚನೆ ಹಲವು ಪಟ್ಟು ದೊಡ್ಡದಾಗಿ ಕೈಗೆ ಸಿಗುತ್ತದೆ. ಈ ಕ್ರಮದಲ್ಲಿ ಮೂಲ ಪಳೆಯುಳಿಕೆ ನಾಶವಾಗುತ್ತದೆ ಎಂಬುದನ್ನು ನೆನೆದಾಗ, ಒಂದೊಂದು ಚಿತ್ರವನ್ನೂ ತಪ್ಪಿಲ್ಲದೆ ಬಿಡಿಸಲು ಎಂಥ ತಾಳ್ಮೆ ಬೇಕಿತ್ತೆಂದು ಅರಿವಾಗುತ್ತದೆ. ಸ್ಟೆನ್ಸಿಯೊ ಅವರ ಕೆಲಸದಿಂದ ಈ ಮೀನುಗಳ ಒಳಗಿವಿಯಲ್ಲಿ ಎರಡೇ ಅರ್ಧವೃತ್ತ ನಾಳಗಳಿದ್ದವು (ನಮಗೆ ಮೂರು), ತಲೆಯ ಮೇಲೆ ನಡುವೆ ಒಂದೇ ಮೂಗಿನ ರಂಧ್ರವಿತ್ತು, ಕವಚದ ಎರಡು ಅಂಚುಗಳಲ್ಲೂ ನಡುವಿನಲ್ಲೂ ಇರುವ ವಿಶೇಷ ವಲಯಗಳಿಗೂ ಒಳಗಿವಿಗೂ ನಡುವೆ ದಪ್ಪ ನಾಳಗಳು ಹಾದುಹೋಗಿದ್ದವು ಎಂಬ ವಿವರಗಳು ತಿಳಿದವು. ಆ ವಲಯಗಳು ಏನು ಮಾಡುತ್ತಿದ್ದವು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅವು ವಿದ್ಯುತ್ ಉಂಟುಮಾಡುವ ಅಂಗಗಳೆಂದು ಸ್ಟೆನ್ಸಿಯೊ ಭಾವಿಸಿದ್ದರು, ನೀರಿನ ಕಂಪನವನ್ನು ಅರಿಯುವ ಅಂಗಗಳೆಂಬ ಅಭಿಪ್ರಾಯದತ್ತ ನಂತರದ ಹೆಚ್ಚಿನವರು ಒಲಿದಿದ್ದಾರೆ.

ಇಂದು ಕಲ್ಲನ್ನು ಉಜ್ಜಬೇಕಾಗಿಲ್ಲ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಶುಯು ಎಂಬ ಗೇಲಿಯಾಸ್ಪಿಡ್ ಮೀನಿನ ಪುಟ್ಟ ತಲೆಗಳನ್ನು ಗೈ ಝಿಕುನ್ ಮತ್ತು ಸಂಗಡಿಗರು ಸಿಂಕ್ರೊಟ್ರಾನ್ ಎಂಬ ಯಂತ್ರದ ಪ್ರಖರ ಎಕ್ಸ್‌ರೇಯಿಂದ ಪರಿಶೀಲಿಸಿ, ಅಳಿಸದೆ ಮುರಿಯದೆ ಒಳಗಿನದನ್ನೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಮೂಡಿಸಿ 2011ರಲ್ಲಿ ಪ್ರಕಟಿಸಿದರು. ಅದರ ಫಲ ದವಡೆಯ ಹುಟ್ಟಿಗೇ ಸಂಬಂಧಿಸಿದ್ದು. ಇಂದಿಗೂ ಬದುಕಿರುವ, ದವಡೆಯಿಲ್ಲದ ಲ್ಯಾಂಪ್ರೆಯಲ್ಲಿ ಹಾಗೂ ಆಸ್ಟಿಯೊಸ್ಟ್ರೇಕನ್ನರಲ್ಲಿ ಮೂಗು ಮತ್ತು ಪಿಟ್ಯುಟರಿ ಗ್ರಂಥಿಯ ನಾಳ ಎರಡೂ ಸೇರಿ ಮುಖದ ನಡುವೆ ಒಂದೇ ರಚನೆಯಾಗಿ ಕುಳಿತಿರುತ್ತವೆ. ಭ್ರೂಣ ಬೆಳೆಯುವಾಗ ಮೇಲ್ದವಡೆಯಾಗಬೇಕಾದ ಅಂಗಾಂಶ ಮುಂದಕ್ಕೆ ಸರಿಯಲು ಈ ರಚನೆ ಎಡೆ ಕೊಡುವುದಿಲ್ಲ. ಶುಯುವಿನಲ್ಲಿ ಮೂಗಿನ ಚೀಲಗಳು ಎಡಬಲಗಳಿಗೆ ಬೇರೆಬೇರೆಯಾಗಿ ಸರಿದಿದ್ದು, ನಡುವಿನ ಜಾಗ ತೆರವಾಗಿದೆ. ಆ ಮೀನಿಗೆ ದವಡೆ ಇರಲಿಲ್ಲ, ದವಡೆಗೆ ಬೇಕಾದ ಜಾಗ ಮಾತ್ರ ಸಿದ್ಧವಾಗಿತ್ತು. ಹೊಸ ಅಂಗವೊಂದು ಒಮ್ಮೆಗೇ ಪ್ರತ್ಯಕ್ಷವಾಗುವುದಿಲ್ಲ, ಅದಕ್ಕೆ ಮೊದಲು ಬೇರೆ ಯಾವುದೋ ಕಾರಣಕ್ಕೆ ಮುಖದ ಏರ್ಪಾಡೇ ಬದಲಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಪ್ರಶ್ನೆ: ದವಡೆಯುಳ್ಳ ಮೀನುಗಳು ಬಂದು ಇವನ್ನು ತಿಂದು ಮುಗಿಸಿದವು ಎನ್ನುತ್ತಾರೆ. ಇದು ಸರಿಯೇ?
– ಓದುಗರು, ಶಿವಮೊಗ್ಗ

ಉತ್ತರ: ಅಷ್ಟು ಸರಳವಾಗಿ ಹೇಳಲು ಕಾಲಗಣನೆ ಅಡ್ಡ ಬರುತ್ತದೆ. ದವಡೆಯುಳ್ಳವೂ ಇಲ್ಲದವೂ ಒಂದೇ ಕಡಲು, ನದೀಮುಖಗಳಲ್ಲಿ ಆರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಜೊತೆಯಾಗಿ ಬಾಳಿದವು. ಬಾಲ್ಟಿಕ್ ಪ್ರದೇಶದ ಶಿಲೆಗಳಲ್ಲಿ ಸಾಮೊಸ್ಟಿಯಿಡ್ ಎಂಬ ಹೆಟೆರೊಸ್ಟ್ರೇಕನ್ನರು ಒಂದು ಮೀಟರ್ ಮೀರಿ ಬೆಳೆದದ್ದು, ದೊಡ್ಡ ದೊಡ್ಡ ದವಡೆಯ ಪ್ಲಾಕೊಡರ್ಮ್ ಎಂಬ ಮೀನುಗಳು ಪಕ್ಕದಲ್ಲೇ ಇದ್ದ ಕಾಲದಲ್ಲಿ. ಬೇಟೆ ಮತ್ತು ಪೈಪೋಟಿಗಳ ಪಾತ್ರ ಇರಲಿಲ್ಲ ಎನ್ನಲಾಗದು, ಆದರೆ ಅವೇ ಮುಖ್ಯ ಕಾರಣವೆನ್ನಲು ಆಧಾರ ಸಾಲದು. ಈ ಮೀನುಗಳಲ್ಲಿ ಹೆಚ್ಚಿನವು ಕರಾವಳಿಯ ಆಳವಿಲ್ಲದ ನೀರಿಗೆ ಅಂಟಿಕೊಂಡವು. ಒಂದೊಂದು ಗುಂಪು ಒಂದೊಂದು ಭೂಖಂಡದ ಅಂಚಿಗೆ ಸೀಮಿತವಾಗಿದ್ದದ್ದೇ ಅವು ಆಳದ ಕಡಲನ್ನು ದಾಟುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಸುಮಾರು 42ರಿಂದ 36 ಕೋಟಿ ವರ್ಷಗಳ ಹಿಂದಿನ ಡಿವೋನಿಯನ್ ಕಾಲದಲ್ಲಿ ಕಡಲ ಮಟ್ಟ ಮತ್ತೆ ಮತ್ತೆ ಏರಿಳಿದಾಗ ಅವುಗಳ ನೆಲೆಗಳೇ ಇಲ್ಲವಾದವು. ಅನೇಕ ವಂಶಗಳು ಡಿವೋನಿಯನ್ನಿನ ನಡುಭಾಗಕ್ಕೆ ಬರುವಾಗಲೇ ಕ್ಷೀಣಿಸಿದ್ದವು. ಸುಮಾರು 37.2 ಕೋಟಿ ವರ್ಷಗಳ ಹಿಂದೆ ಕಡಲಿನಲ್ಲಿ ಆಮ್ಲಜನಕ ಕುಸಿದು ಉಂಟಾದ ಮಹಾ ಅಳಿವಿನ ನಂತರ, ಡಿವೋನಿಯನ್ ಮುಗಿಯುವಷ್ಟರಲ್ಲಿ, ಕವಚ ಹೊತ್ತ ದವಡೆಯಿಲ್ಲದ ಮೀನು ಒಂದೂ ಉಳಿಯಲಿಲ್ಲ.

ಪ್ರಶ್ನೆ: ಈಗಿನ ಲ್ಯಾಂಪ್ರೆಗಳು ಇವುಗಳ ಸಂತತಿಯೇ?
– ಓದುಗರು, ಬೆಂಗಳೂರು

ಉತ್ತರ: ಅಲ್ಲ. ಇಂದು ಉಳಿದಿರುವ ದವಡೆಯಿಲ್ಲದ ಕಶೇರುಕಗಳು ಎರಡೇ ಬಗೆ, ಲ್ಯಾಂಪ್ರೆ ಮತ್ತು ಹ್ಯಾಗ್‌ಫಿಶ್. ಇವೆರಡಕ್ಕೂ ಮೂಳೆ ಇಲ್ಲ, ಕವಚವೂ ಇಲ್ಲ, ಅಸ್ಥಿಪಂಜರ ಮೃದ್ವಸ್ಥಿಯದು. ದಕ್ಷಿಣ ಆಫ್ರಿಕದಲ್ಲಿ ಸಿಕ್ಕ, 2006ರಲ್ಲಿ ವಿವರಿಸಲಾದ ಪ್ರಿಸ್ಕೊಮೈಝಾನ್ ಎಂಬ 4.2 ಸೆಂಟಿಮೀಟರ್ ಉದ್ದದ ಪಳೆಯುಳಿಕೆ, ಲ್ಯಾಂಪ್ರೆಗಳು ತಮ್ಮ ಹೀರುವ ಬಾಯಿಯೊಂದಿಗೆ 36 ಕೋಟಿ ವರ್ಷಗಳ ಹಿಂದೆಯೇ ಇದ್ದವೆಂದು ತೋರಿಸುತ್ತದೆ. ಕವಚಧಾರಿ ಆಸ್ಟ್ರಕೋಡರ್ಮ್‌ಗಳು ಲ್ಯಾಂಪ್ರೆಗಿಂತ ದವಡೆಯುಳ್ಳ ಮೀನುಗಳಿಗೆ, ಆ ಮೂಲಕ ನಮಗೆ, ಹತ್ತಿರದ ಬಂಧುಗಳು ಎಂಬುದು ಈಗ ಬಹುತೇಕ ಎಲ್ಲ ತಜ್ಞರೂ ಒಪ್ಪುವ ಮಾತು.

ಪ್ರಶ್ನೆ: ಇಂಥ ಪಳೆಯುಳಿಕೆಗಳು ಕರ್ನಾಟಕದಲ್ಲಿ ಸಿಗಬಹುದೇ? ಬಾದಾಮಿಯ ಮರಳುಗಲ್ಲುಗಳಲ್ಲಿ ಹುಡುಕಿದರೆ ಹೇಗೆ?
– ಚಾರಣಪ್ರಿಯರು, ಬಾಗಲಕೋಟೆ

ಉತ್ತರ: ನಿಮ್ಮ ಉತ್ಸಾಹ ನನಗೂ ಪ್ರಿಯವಾದದ್ದೇ, ಆದರೆ ಬಾದಾಮಿಯ ಶಿಲೆಗಳು ಈ ಮೀನುಗಳಿಗಿಂತ ಬಹಳ ಹಳೆಯವು. ಕಲಾದಗಿ ಮತ್ತು ಭೀಮಾ ಶಿಲಾಸ್ತೋಮಗಳು ಪ್ರೊಟೆರೊಜೋಯಿಕ್ ಕಾಲದವು, ಕಶೇರುಕಗಳು ಹುಟ್ಟುವ ಮೊದಲೇ ಸಂಚಯಗೊಂಡವು. ದಕ್ಷಿಣದ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಇನ್ನೂ ಹಳೆಯವು. ಬೆಳಗಾವಿ, ವಿಜಯಪುರ, ಬೀದರ್‌ಗಳ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಇವುಗಳ ನಡುವೆ ನಮ್ಮ ರಾಜ್ಯದಲ್ಲಿ ಪೇಲಿಯೊಜೋಯಿಕ್ ಕಾಲದ ಕಡಲ ಶಿಲೆಗಳ ಪುಟವೇ ಇಲ್ಲ.

ಹಿಮಾಲಯಕ್ಕೆ ಹೋದರೆ ಮಾತು ಬೇರೆ. ಹಿಮಾಚಲದ ಸ್ಪಿತಿ ಕಣಿವೆಯಲ್ಲೂ ಕಾಶ್ಮೀರದ ಶ್ರೀನಗರದ ಬಳಿಯ ಗುರ್ಯುಲ್ ಕಂದರದಲ್ಲೂ ಕೋನೊಡಾಂಟ್‌ಗಳು ಸಿಗುತ್ತವೆ. ಇವೂ ದವಡೆಯಿಲ್ಲದ ಜೀವಿಗಳೇ. ಬಾಯಿಯೊಳಗಿನ, ಬಹುತೇಕ ಒಂದು ಮಿಲಿಮೀಟರ್ ಆಸುಪಾಸಿನ, ಮುಳ್ಳು ಬಾಚಣಿಗೆಯಂಥ ಫಾಸ್ಫೇಟಿನ ಚೂರುಗಳನ್ನು ಕ್ರಿಸ್ಟಿಯನ್ ಪಾಂಡರ್ 1856ರಲ್ಲೇ ವಿವರಿಸಿದ್ದರು, ಆದರೆ ಅವು ಯಾವ ಪ್ರಾಣಿಯವು ಎಂದು ನೂರಕ್ಕೂ ಹೆಚ್ಚು ವರ್ಷ ಯಾರಿಗೂ ತಿಳಿಯಲಿಲ್ಲ. ಎಡಿನ್‌ಬರೋ ಬಳಿಯ ಗ್ರಾಂಟನ್‌ನಲ್ಲಿ ಸಿಕ್ಕ ಪಳೆಯುಳಿಕೆಯೊಂದರಲ್ಲಿ ಈ ಚೂರುಗಳ ಜೊತೆಗೆ ಹಾವುಮೀನಿನಂತೆ ನೀಳವಾದ, ನಾಲ್ಕು ಸೆಂಟಿಮೀಟರ್ ಉದ್ದದ ದೇಹದ ಅಚ್ಚೂ ಇರುವುದನ್ನು 1983ರಲ್ಲಿ ಬ್ರಿಗ್ಸ್, ಕ್ಲಾರ್ಕ್‌ಸನ್ ಮತ್ತು ಆಲ್ಡ್ರಿಜ್ ಪ್ರಕಟಿಸಿದ ಮೇಲೆಯೇ ಒಗಟು ಬಗೆಹರಿಯಿತು. ಇವು ಪೇಲಿಯೊಜೋಯಿಕ್ ಮುಗಿದ ಮೇಲೂ ಬದುಕಿ, ಟ್ರಯಾಸಿಕ್‌ನ ಕೊನೆಯಲ್ಲಿ, ಅಂದರೆ ಸುಮಾರು 20 ಕೋಟಿ ವರ್ಷಗಳ ಹಿಂದೆ ಅಳಿದವು.

ಭೂವಿಜ್ಞಾನಿಗಳಿಗೆ ಕೋನೊಡಾಂಟ್‌ಗಳು ಅಮೂಲ್ಯ. ಅವುಗಳ ಆಕಾರ ಬೇಗ ಬೇಗ ಬದಲಾಗಿದ್ದರಿಂದ ಶಿಲೆಯ ವಯಸ್ಸನ್ನು ನಿಖರವಾಗಿ ಹೇಳಬಹುದು; ಪೇಲಿಯೊಜೋಯಿಕ್ ಯುಗದ ಅಂತ್ಯವನ್ನೇ ಚೀನಾದ ಮೈಶಾನ್‌ನಲ್ಲಿ ಹಿಂಡಿಯೋಡಸ್ ಪಾರ್ವಸ್ ಎಂಬ ಕೋನೊಡಾಂಟ್ ಮೊದಲು ಕಾಣಿಸುವ ಪದರದಿಂದ 2001ರಲ್ಲಿ ಅಧಿಕೃತವಾಗಿ ಗುರುತಿಸಲಾಯಿತು. ಆ ಗೌರವಕ್ಕೆ ಗುರ್ಯುಲ್ ಕಂದರವೂ ಒಮ್ಮೆ ಸ್ಪರ್ಧೆಯಲ್ಲಿತ್ತು. ಶಿಲೆ ಭೂಗರ್ಭದಲ್ಲಿ ಎಷ್ಟು ಬಿಸಿಯಾಗಿತ್ತೋ ಅದಕ್ಕೆ ತಕ್ಕಂತೆ ಈ ಚೂರುಗಳು ತಿಳಿಹಳದಿಯಿಂದ ಕಂದಾಗಿ, ಕೊನೆಗೆ ಕಪ್ಪಾಗುತ್ತವೆ. ಅಮೆರಿಕದ ಅನೀಟಾ ಎಪ್‌ಸ್ಟೀನ್ ಮತ್ತು ಸಂಗಡಿಗರು 1977ರಲ್ಲಿ ಈ ಬಣ್ಣಗಳ ಮಾಪನವನ್ನು ಸಿದ್ಧಪಡಿಸಿದ ಮೇಲೆ ತೈಲ ಹುಡುಕುವವರೂ ಇದನ್ನು ಬಳಸತೊಡಗಿದರು. ಇವನ್ನು ಬರಿಗಣ್ಣಿನಿಂದ ಹುಡುಕಲಾಗದು. ಸುಣ್ಣಕಲ್ಲನ್ನು ದುರ್ಬಲ ಅಸಿಟಿಕ್ ಆಮ್ಲದಲ್ಲಿ ನೆನೆಸಿಟ್ಟು ಕರಗಿಸಿ, ತಳದಲ್ಲಿ ಉಳಿದ ಪುಡಿಯನ್ನು ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ತೆಳುವಾದ ಕುಂಚದ ತುದಿಯಿಂದ ಒಂದೊಂದಾಗಿ ಆರಿಸಬೇಕು. ಸ್ಪಿತಿಗೆ ಚಾರಣ ಹೋಗುವುದಿದ್ದರೆ ಕಲ್ಲು ಒಡೆದು ತರಬೇಡಿ. ಅಲ್ಲಿನ ಒಂದೊಂದು ಪದರಕ್ಕೂ ಅದು ಇರುವ ಸ್ಥಾನದಲ್ಲೇ ಬೆಲೆ. ಹಿಮಾಲಯದ ಪಳೆಯುಳಿಕೆಗಳಲ್ಲಿ ನಿಜವಾದ ಆಸಕ್ತಿ ಇದ್ದರೆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಡೆಹ್ರಾಡೂನ್‌ನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಗೋ ಪತ್ರ ಬರೆದು ವಿಚಾರಿಸಬಹುದು.